ಎಫ್‌ಡಿಟಿಡಿಯಲ್ಲಿ ಬೆಳಕಿನ ಬೀಮ್ ಬಿಡುವುದು: ಯಾವ ಸೋರ್ಸ್ ಯಾವ ಕೆಲಸಕ್ಕೆ?

ಎಫ್‌ಡಿಟಿಡಿ ಅಂದರೆ ಜಾಗವನ್ನು ಸಣ್ಣ ಕೋಶಗಳ ಗ್ರಿಡ್ ಮಾಡಿ, ಬೆಳಕು ಹೆಜ್ಜೆ ಹೆಜ್ಜೆಯಾಗಿ ಹೇಗೆ ಸಾಗುತ್ತದೆ ಅಂತ ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕುವ ವಿಧಾನ. ಅದರ ಸಿಮ್ಯುಲೇಶನ್‌ನಲ್ಲಿ ರಚನೆಯನ್ನು ಕೂರಿಸುವುದು ಸುಲಭ. ಸಿಲಿಕಾನ್ ಇಲ್ಲಿ, ಗಾಜು ಅಲ್ಲಿ, ಸುತ್ತಲೂ ಬೆಳಕು ಹೀರುವ ಪಿಎಂಎಲ್ ಪದರ ಅಂತ ಬರೆದರೆ ಮುಗಿಯಿತು. ತಲೆನೋವು ಶುರುವಾಗುವುದು ಅದರ ಮೇಲೆ ಬೆಳಕು ಬಿಡಬೇಕಾದಾಗ. ಲ್ಯಾಬಿನಲ್ಲಿ ಲೇಸರ್ ಮೇಜಿನ ಒಂದು ತುದಿಯಲ್ಲಿರುತ್ತದೆ. ನಡುವೆ ಲೆನ್ಸು, ಕನ್ನಡಿ, ಮೀಟರುಗಟ್ಟಲೆ ಫೈಬರ್. ನಮ್ಮ ಸಿಮ್ಯುಲೇಶನ್ ಡಬ್ಬವೋ ಇಪ್ಪತ್ತು ಮೂವತ್ತು ಮೈಕ್ರಾನ್ ಅಗಲದ್ದು. ಹೊರಗಿನದ್ದೇನೂ ಅದರೊಳಗೆ ಹಿಡಿಸುವುದಿಲ್ಲ. ಹಾಗಾಗಿ ಬೀಮನ್ನು ರಚನೆಯ ಪಕ್ಕದಲ್ಲೇ, ಗ್ರಿಡ್‌ನ ಮೇಲೆ ನಾವೇ ಹುಟ್ಟಿಸಬೇಕು.

ಹುಟ್ಟಿಸುವ ದಾರಿಗಳು, ಅಂದರೆ ಸೋರ್ಸ್‌ಗಳು, ಹಲವು. ಹೆಚ್ಚಿನವರು ಕೇಳುವುದು "ಇದರಲ್ಲಿ ಅತಿ ನಿಖರವಾದದ್ದು ಯಾವುದು?" ಅಂತ. ಅದಕ್ಕಿಂತ ಮೊದಲು ಕೇಳಬೇಕಾದದ್ದು "ಕೊನೆಗೆ ನನಗೆ ಬೇಕಾದ ಸಂಖ್ಯೆ ಯಾವುದು?" ಅಂತ. ಅದಕ್ಕೆ ಉತ್ತರ ಸಿಕ್ಕರೆ ಅರ್ಧ ಆಯ್ಕೆಗಳು ತಾವಾಗಿ ಉದುರಿಹೋಗುತ್ತವೆ. ಕೆಲವು ಸಲ ಬೀಮ್ ಬಿಡುವ ಅಗತ್ಯವೇ ಇಲ್ಲ ಅಂತಲೂ ಗೊತ್ತಾಗುತ್ತದೆ.

ಒಂದೇ ಉದಾಹರಣೆ ಹಿಡಿದು ಹೋಗೋಣ: ಸಿಲಿಕಾನ್ ಫೋಟಾನಿಕ್ಸ್‌ನ ಗ್ರೇಟಿಂಗ್ ಕಪ್ಲರ್. 220 ನ್ಯಾನೋಮೀಟರ್ ದಪ್ಪದ ಸಿಲಿಕಾನ್ ಪದರದಲ್ಲಿ ಸಾಲಾಗಿ ಕೊರೆದ ಗೀರುಗಳು. ಮೇಲೆ ಸ್ವಲ್ಪ ಓರೆಯಾಗಿ ನಿಂತ ಸಿಂಗಲ್ ಮೋಡ್ ಫೈಬರ್. ಅದರಿಂದ ಇಳಿಯುವ 1550 ನ್ಯಾನೋಮೀಟರ್ ಬೆಳಕನ್ನು ಗೀರುಗಳು ಪಕ್ಕದ ವೇವ್‌ಗೈಡ್‌ಗೆ, ಅಂದರೆ ಚಿಪ್ ಮೇಲೆ ಬೆಳಕು ಹರಿಯುವ ಕಾಲುವೆಗೆ, ತಿರುಗಿಸಬೇಕು. ಬೆಂಗಳೂರಿನ ಐಐಎಸ್‌ಸಿಯೂ ಸೇರಿ ಫೋಟಾನಿಕ್ ಚಿಪ್ ಮಾಡುವ ಎಲ್ಲ ಕಡೆಯೂ ಇದು ದಿನನಿತ್ಯದ ಭಾಗ. ಫೈಬರ್ ನೆಟ್ಟಗೆ ನಿಲ್ಲದೆ 8ರಿಂದ 10 ಡಿಗ್ರಿ ಓರೆ ಇರುವುದಕ್ಕೆ ಕಾರಣವಿದೆ. ನೆಟ್ಟಗಿದ್ದರೆ ಗ್ರೇಟಿಂಗ್‌ನ ಎರಡನೇ ಆರ್ಡರ್ ವೇವ್‌ಗೈಡ್‌ನಲ್ಲಿ ಬರುವ ಬೆಳಕನ್ನು ಬಂದ ದಾರಿಗೇ ವಾಪಸ್ ತಳ್ಳುತ್ತದೆ.

ಈ ಫೈಬರ್‌ನಿಂದ ಬರುವ ಬೆಳಕು ಹೆಚ್ಚೂಕಡಿಮೆ ಗಾಸಿಯನ್ ಬೀಮ್: ನಡುವೆ ಪ್ರಖರ, ಅಂಚಿಗೆ ಹೋದಂತೆ ಮೆಲ್ಲಗೆ ಕುಗ್ಗುತ್ತದೆ. ಮೋಡ್‌ನ (ಫೈಬರ್ ಒಳಗೆ ಬೆಳಕು ತಳೆಯುವ ಆಕಾರದ) ವ್ಯಾಸ ಸುಮಾರು 10.4 ಮೈಕ್ರಾನ್, ಅಂದರೆ ಸೊಂಟದ, ಬೀಮ್ ಅತಿ ಕಿರಿದಾಗಿರುವ ಜಾಗದ, ತ್ರಿಜ್ಯ 5.2 ಮೈಕ್ರಾನ್. ಇದರಿಂದ ಎರಡು ಸಂಖ್ಯೆಗಳು ಹುಟ್ಟುತ್ತವೆ. ಗಾಳಿಯಲ್ಲಿ ರೇಲೀ ದೂರ, ಅಂದರೆ ಬೀಮ್ ಹೆಚ್ಚು ಹರಡದೆ ಸಾಗುವ ದೂರ, ಸುಮಾರು 55 ಮೈಕ್ರಾನ್. ಬೀಮ್ ಹರಡುವ ಅರ್ಧಕೋನ ಸುಮಾರು 5.4 ಡಿಗ್ರಿ. ಈ ಎರಡನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಮುಂದಿನ ಬಹುತೇಕ ತೀರ್ಮಾನಗಳು ಇವುಗಳ ಮೇಲೇ ನಿಂತಿವೆ.

ಗ್ರಿಡ್ ಸುಳ್ಳು ಹೇಳುವುದಿಲ್ಲ

ಕೇನ್ ಯೀ 1966ರಲ್ಲಿ ಕೊಟ್ಟ ಗ್ರಿಡ್‌ನಲ್ಲಿ ವಿದ್ಯುತ್ ಕ್ಷೇತ್ರ ಮತ್ತು ಕಾಂತಕ್ಷೇತ್ರ ಒಂದೇ ಬಿಂದುವಿನಲ್ಲಿ ಕೂರುವುದಿಲ್ಲ. ಅರ್ಧ ಕೋಶ ಆಚೆ ಈಚೆ ಇರುತ್ತವೆ. ಕಾಲದಲ್ಲೂ ಅರ್ಧ ಹೆಜ್ಜೆ ವ್ಯತ್ಯಾಸ. ಎಫ್‌ಡಿಟಿಡಿ ಮಾಡುವುದು ಇಷ್ಟೇ: ಎಲ್ಲಿ ಯಾವ ಪ್ರವಾಹ ಇಟ್ಟಿದ್ದೀರಿ ಅಂತ ನೋಡುತ್ತದೆ, ಆ ಪ್ರವಾಹ ಹೊರಸೂಸುವ ಕ್ಷೇತ್ರವನ್ನು ಮ್ಯಾಕ್ಸ್‌ವೆಲ್ ಸಮೀಕರಣಗಳ ಪ್ರಕಾರ ಮುಂದಕ್ಕೆ ನಡೆಸುತ್ತದೆ.

ಇದರ ಅರ್ಥವನ್ನು ಹಲವರು ಗಮನಿಸುವುದಿಲ್ಲ. ನೀವು ತಪ್ಪು ಸೂತ್ರ ಕೊಟ್ಟರೂ ಒಳಗೆ ಓಡಾಡುವ ಬೆಳಕು ಸರಿಯಾದ ಬೆಳಕೇ. ಆದರೆ ಅದು ನೀವು ಕೇಳಿದ ಬೀಮ್ ಆಗಿರುವುದಿಲ್ಲ. ಫೋಕಸ್ ಬೇರೆ ಕಡೆ ಬೀಳುತ್ತದೆ, ಚುಕ್ಕೆ ದಪ್ಪವಾಗುತ್ತದೆ, ಒಂದಿಷ್ಟು ಶಕ್ತಿ ಹಿಂದಕ್ಕೆ ಸೋರುತ್ತದೆ. ಎರರ್ ಮೆಸೇಜ್ ಬರುವುದಿಲ್ಲ. ಬಣ್ಣಬಣ್ಣದ ಚಿತ್ರ ಚೆನ್ನಾಗಿಯೇ ಕಾಣುತ್ತದೆ. ಅದಕ್ಕೇ ಸೋರ್ಸ್ ಆಯ್ಕೆ ಅಪಾಯದ ಜಾಗ.

ಹಳೇ ಪುಸ್ತಕಗಳಲ್ಲಿ ಸಿಗುವ ಹಾರ್ಡ್ ಸೋರ್ಸ್ ವಿಷಯ ಬೇಗ ಮುಗಿಸಿಬಿಡೋಣ. ಅದರಲ್ಲಿ ಕ್ಷೇತ್ರದ ಬೆಲೆಯನ್ನೇ ಬಲವಂತವಾಗಿ ಬರೆಯುತ್ತಾರೆ. ರಚನೆಯಿಂದ ವಾಪಸ್ ಬಂದ ಬೆಳಕು ಆ ಜಾಗಕ್ಕೆ ತಲುಪಿದಾಗ ಲೋಹದ ತಗಡಿಗೆ ಬಡಿದಂತೆ ಮತ್ತೆ ತಿರುಗುತ್ತದೆ. ಬೀಮ್ ಕೆಲಸಕ್ಕೆ ಬೇಡವೇ ಬೇಡ.

ಪ್ರವಾಹದ ಹಾಳೆ

ಎಲ್ಲರೂ ಮೊದಲು ಮುಟ್ಟುವುದು ಇದನ್ನೇ. ಒಂದು ಸಮತಲದಲ್ಲಿ ವಿದ್ಯುತ್ ಪ್ರವಾಹ ಇಡುತ್ತೀರಿ. ಅದರ ಎತ್ತರ ಗಾಸಿಯನ್ ಆಕಾರದ್ದು. ಓರೆ ಬೇಕಿದ್ದರೆ ಉದ್ದಕ್ಕೂ ಫೇಸ್ (ಅಲೆಯ ಏರಿಳಿತದ ಹಂತ) ಬದಲಾಯಿಸುತ್ತಾ ಹೋಗುತ್ತೀರಿ. ಯಾವ ಸಾಫ್ಟ್‌ವೇರ್‌ನಲ್ಲಾದರೂ ನಾಲ್ಕೈದು ಸಾಲಿನ ಕೆಲಸ. ಸ್ವಂತ ಕೋಡ್ ಬರೆಯುವವರಿಗೂ ಇದೇ ಸುಲಭ. ಇದು ಸಾಫ್ಟ್ ಸೋರ್ಸ್, ಅಂದರೆ ವಾಪಸ್ ಬರುವ ಬೆಳಕು ಇದನ್ನು ದಾಟಿ ಆರಾಮಾಗಿ ಹೋಗುತ್ತದೆ.

ತೊಂದರೆ ಏನೆಂದರೆ ಹಾಳೆ ಎರಡೂ ಕಡೆ ಬೆಳಕು ಬಿಡುತ್ತದೆ. ಕೆರೆಯ ನಡುವೆ ಹಲಗೆಯೊಂದನ್ನು ಅಲ್ಲಾಡಿಸಿದರೆ ಅಲೆ ಎರಡು ದಡಕ್ಕೂ ಹೋಗುತ್ತದಲ್ಲ, ಹಾಗೆ. ಅರ್ಧ ಶಕ್ತಿ ರಚನೆಯ ಕಡೆಗೆ, ಇನ್ನರ್ಧ ಹಿಂದಿನ ಪಿಎಂಎಲ್‌ಗೆ. ನಿಮಗೆ ಬೇಕಾದದ್ದು ಬರೀ ಟ್ರಾನ್ಸ್‌ಮಿಶನ್ ಆದರೆ ಇದರಿಂದ ನಷ್ಟವೇನಿಲ್ಲ. ರಚನೆ ಇಲ್ಲದೆ ಒಮ್ಮೆ ಓಡಿಸಿ, ಮುಂದಕ್ಕೆ ಹೋದ ಶಕ್ತಿ ಅಳೆದು, ಅದರಿಂದ ಭಾಗಿಸಿದರೆ ಆಯಿತು.

ಪ್ರತಿಫಲನ ಬೇಕಾದರೆ ಕತೆ ಬೇರೆ. ಹಾಳೆಯ ಹಿಂದೆ ಮಾನಿಟರ್ (ಕ್ಷೇತ್ರವನ್ನು ಅಳೆದು ಬರೆದುಕೊಳ್ಳುವ ಸಮತಲ) ಇಟ್ಟರೆ ಅಲ್ಲಿ ಹಾಳೆಯ ಹಿಂಬದಿ ಬೆಳಕೂ ರಚನೆಯ ಪ್ರತಿಫಲನವೂ ಕಲಸಿಕೊಂಡಿರುತ್ತವೆ. ಆಗ ಖಾಲಿ ಓಟದ ಕ್ಷೇತ್ರಗಳನ್ನು ಉಳಿಸಿಟ್ಟು, ರಚನೆ ಇರುವ ಓಟದ ಕ್ಷೇತ್ರಗಳಿಂದ ಕಳೆಯಬೇಕು. ಕಳೆಯಬೇಕಾದದ್ದು ಕ್ಷೇತ್ರಗಳನ್ನು, ಶಕ್ತಿಯನ್ನಲ್ಲ. ಎರಡು ಬೆಳಕು ಒಂದರ ಮೇಲೊಂದು ಬಿದ್ದಾಗ ಶಕ್ತಿ ನೇರವಾಗಿ ಕೂಡುವುದಿಲ್ಲ, ಅಲ್ವಾ?

ಇನ್ನೊಂದು ಸೂಕ್ಷ್ಮವಿದೆ. ಹಾಳೆ ಬೇರೆ ಬೇರೆ ಕೋನಗಳಿಗೆ ಸಮನಾಗಿ ಬೆಳಕು ಬಿಡುವುದಿಲ್ಲ. ಬೀಮನ್ನು ಪ್ಲೇನ್ ವೇವ್‌ಗಳ, ಅಂದರೆ ಒಂದೊಂದೂ ಒಂದೇ ದಿಕ್ಕಿಗೆ ಸಾಗುವ ಚಪ್ಪಟೆ ಅಲೆಗಳ, ಕಟ್ಟು ಅಂದುಕೊಳ್ಳಿ. ಎಸ್ ಧ್ರುವೀಕರಣದಲ್ಲಿ (ವಿದ್ಯುತ್ ಕ್ಷೇತ್ರ ಹಾಳೆಗೆ ಸಮಾಂತರವಾಗಿರುವಾಗ) ಓರೆ ಹೋಗುವ ಪ್ರತಿ ಅಲೆಗೂ ಕೋನದ ಕೊಸೈನ್‌ನಿಂದ ಭಾಗಿಸಿದಷ್ಟು ಹೆಚ್ಚು ಬಲ ಸಿಗುತ್ತದೆ. ನಮ್ಮ ಫೈಬರ್ ಬೀಮ್‌ನ ಅಂಚು 5.4 ಡಿಗ್ರಿಯಲ್ಲಿದೆ. ಅಲ್ಲಿ ಈ ವ್ಯತ್ಯಾಸ ಅರ್ಧ ಶೇಕಡಾಕ್ಕಿಂತ ಕಡಿಮೆ, ಮರೆತುಬಿಡಬಹುದು. ಸೊಂಟವನ್ನು ಅರ್ಧ ತರಂಗಾಂತರಕ್ಕೆ ಇಳಿಸಿ ನೋಡಿ. ಅಂಚಿನ ಕೋನ 36 ಡಿಗ್ರಿ ದಾಟುತ್ತದೆ, ಅಲ್ಲಿನ ಅಲೆಗಳು ಶೇ. 24ರಷ್ಟು ಉಬ್ಬುತ್ತವೆ. ಆಗ ಫೋಕಸ್ ನೀವು ಬರೆದ ಗಾಸಿಯನ್ ಆಗಿ ಉಳಿಯುವುದಿಲ್ಲ.

ಹಾಳೆಯ ಅಗಲವನ್ನೂ ಸುಮ್ನೆ ಅಂದಾಜಿನಲ್ಲಿ ಇಡಬಾರದು. ಗಾಸಿಯನ್‌ಗೆ ಕೊನೆ ಇಲ್ಲ, ಹಾಳೆಗೆ ಇದೆ. ನಡುವಿನಿಂದ ಒಂದು ಸೊಂಟದ ದೂರದಲ್ಲಿ ಕತ್ತರಿಸಿದರೆ ಶೇ. 13.5 ಶಕ್ತಿ ಹೊರಗುಳಿಯುತ್ತದೆ. ಒಂದೂವರೆ ಸೊಂಟಕ್ಕೆ ಶೇ. 1.1. ಎರಡು ಸೊಂಟಕ್ಕೆ ಶೇ. 0.03. ಶಕ್ತಿಯ ಲೆಕ್ಕದಲ್ಲಿ ಎರಡು ಸಾಕು ಅನಿಸುತ್ತದೆ. ಆದರೆ ಕ್ಷೇತ್ರದ ಲೆಕ್ಕದಲ್ಲಿ ಆ ಅಂಚಿನಲ್ಲಿ ಇನ್ನೂ ಶೇ. 1.8 ಎತ್ತರದ ಮೆಟ್ಟಿಲು ಇರುತ್ತದೆ. ಆ ಮೆಟ್ಟಿಲಿನಿಂದ ಬೆಳಕು ಎಲ್ಲ ಕಡೆ ಚದುರುತ್ತದೆ. ಸಣ್ಣ ಪ್ರತಿಫಲನ ಅಳೆಯುವವರು ಮೂರು ಸೊಂಟ ಇಟ್ಟುಕೊಳ್ಳುವುದು ಒಳ್ಳೆಯದು. ಫೈಬರ್ ಬೀಮ್‌ಗೆ ಅದು ಒಟ್ಟು 31 ಮೈಕ್ರಾನ್ ಅಗಲ. ಡಬ್ಬ ದೊಡ್ಡದಾಗುತ್ತದೆ, ಏನು ಮಾಡೋಕಾಗಲ್ಲ.

ಒಂದೇ ಕಡೆಗೆ ಬಿಡುವ ಸೋರ್ಸ್

ವಿದ್ಯುತ್ ಪ್ರವಾಹದ ಹಾಳೆಯ ಜೊತೆಗೆ ಕಾಂತ ಪ್ರವಾಹದ ಹಾಳೆಯನ್ನೂ ಇಟ್ಟರೆ ಹಿಂದಕ್ಕೆ ಹೋಗುವ ಬೆಳಕು ಪರಸ್ಪರ ರದ್ದಾಗುತ್ತದೆ. ಮುಂದಕ್ಕೆ ಹೋಗುವುದು ಕೂಡಿಕೊಳ್ಳುತ್ತದೆ. ಕಾಂತ ಪ್ರವಾಹ ನಿಸರ್ಗದಲ್ಲಿ ಇಲ್ಲ, ಆದರೆ ಗ್ರಿಡ್‌ಗೆ ಅದರ ಚಿಂತೆ ಇಲ್ಲ. ಇದರ ಹಿಂದಿರುವುದು ಸಮಾನತೆಯ ತತ್ವ. ನಿಮಗೆ ಬೇಕಾದ ಬೀಮ್‌ನ ವಿದ್ಯುತ್ ಕ್ಷೇತ್ರ ಮತ್ತು ಕಾಂತಕ್ಷೇತ್ರ ಆ ಸಮತಲದಲ್ಲಿ ಎಷ್ಟಿರಬೇಕು ಅಂತ ಗೊತ್ತಿದ್ದರೆ, ಯಾವ ಪ್ರವಾಹ ಇಡಬೇಕು ಅಂತ ಅದು ಹೇಳುತ್ತದೆ. ಕೊಸೈನ್ ಸಮಸ್ಯೆಯೂ ತಾನಾಗಿ ಹೋಗುತ್ತದೆ.

ಇಂದಿನ ಸಾಫ್ಟ್‌ವೇರ್‌ಗಳ "ಗಾಸಿಯನ್ ಬೀಮ್" ಅನ್ನುವ ಬಟನ್ ಸಾಮಾನ್ಯವಾಗಿ ಇದೇ. ಎಂಐಟಿಯಲ್ಲಿ ಹುಟ್ಟಿದ, ಪುಕ್ಕಟೆ ಸಿಗುವ ಮೀಪ್‌ನಲ್ಲಿ ಇದೆ. ಲ್ಯೂಮೆರಿಕಲ್‌ನಲ್ಲಿದೆ. ಟೈಡಿ3ಡಿಯಲ್ಲಿದೆ. ಬಟನ್ ಇದ್ದರೆ ಅದನ್ನೇ ಒತ್ತಿ. ಕೈಯಾರೆ ಹಾಳೆ ಕಟ್ಟುವುದರಲ್ಲಿ ದೊಡ್ಡಸ್ತಿಕೆ ಏನಿಲ್ಲ.

ಸ್ವಂತ ಕೋಡ್‌ನಲ್ಲಿ ಬರೆಯುವವರಿಗೆ ಒಂದು ಮಾತು. ಯೀ ಗ್ರಿಡ್‌ನಲ್ಲಿ ಎರಡು ಹಾಳೆಗಳು ಅರ್ಧ ಕೋಶದ ಅಂತರದಲ್ಲಿ ಬೀಳುತ್ತವೆ, ಅರ್ಧ ಹೆಜ್ಜೆ ಕಾಲದ ವ್ಯತ್ಯಾಸವೂ ಇರುತ್ತದೆ. ಈ ಎರಡನ್ನೂ ಲೆಕ್ಕಕ್ಕೆ ಹಿಡಿಯದೆ ಬರೆದರೆ ಹಿಂದಕ್ಕೆ ಸೋರಿಕೆ ಎದ್ದು ಕಾಣುತ್ತದೆ. ಹಿಡಿದರೂ ಪೂರ್ತಿ ಸೊನ್ನೆ ಆಗುವುದಿಲ್ಲ. ಗ್ರಿಡ್ ಮೇಲೆ ಬೆಳಕಿನ ವೇಗ ನಿಜದ ವೇಗಕ್ಕಿಂತ ಚೂರು ಬೇರೆ. ತರಂಗಾಂತರಕ್ಕೆ 10 ಕೋಶ ಇಟ್ಟು, ಕೊರಾಂಟ್ ಸಂಖ್ಯೆ (ಕಾಲದ ಒಂದು ಹೆಜ್ಜೆಯಲ್ಲಿ ಬೆಳಕು ಎಷ್ಟು ಕೋಶ ಸಾಗುತ್ತದೆ ಅನ್ನುವುದು) 0.5 ಇದ್ದರೆ, ಅಕ್ಷದ ಉದ್ದಕ್ಕೆ ಈ ವ್ಯತ್ಯಾಸ ಸುಮಾರು ಶೇ. 1.3. ಹತ್ತು ತರಂಗಾಂತರ ನಡೆಯುವಷ್ಟರಲ್ಲಿ ಫೇಸ್ ಸುಮಾರು 46 ಡಿಗ್ರಿ ಜಾರಿರುತ್ತದೆ. ಕೋಶ 20 ಮಾಡಿದರೆ ಅದೇ ದೂರಕ್ಕೆ 11 ಡಿಗ್ರಿ. ಸೋರಿಕೆ ಜಾಸ್ತಿ ಕಂಡರೆ ಸೂತ್ರವನ್ನು ಬೈಯುವ ಮೊದಲು ಗ್ರಿಡ್ ಸಣ್ಣದು ಮಾಡಿ ನೋಡಿ.

ಬೀಮ್‌ನ ಸೂತ್ರ ಯಾವುದು?

ಸೋರ್ಸ್ ಒಂದು ಕಡೆಯದ್ದಾದರೂ ಅದಕ್ಕೆ ಕೊಡುವ ಕ್ಷೇತ್ರ ಸರಿ ಇರಬೇಕಲ್ಲ. ಇಲ್ಲಿ ಮೂರು ಪಂಗಡ.

ಪಠ್ಯಪುಸ್ತಕದ ಗಾಸಿಯನ್ ಸೂತ್ರ ಪ್ಯಾರಾಕ್ಸಿಯಲ್ ಅಂದಾಜು. ಬೀಮ್ ಅಕ್ಷದಿಂದ ಹೆಚ್ಚು ಓರೆ ಹೋಗುವುದಿಲ್ಲ ಅಂತ ನಂಬಿ ಬರೆದದ್ದು. ಅದರಲ್ಲಿ ಮುಂದಕ್ಕೆ ಸಾಗುವ ದಿಕ್ಕಿನ ವಿದ್ಯುತ್ ಕ್ಷೇತ್ರ ಸೊನ್ನೆ. ನಿಜದಲ್ಲಿ ಸೊನ್ನೆ ಇರಲು ಸಾಧ್ಯವಿಲ್ಲ. ಬೀಮ್‌ನ ಅಗಲ ಸೀಮಿತ ಅಂದಮೇಲೆ ಆ ಘಟಕ ಇದ್ದೇ ಇರುತ್ತದೆ. 5.2 ಮೈಕ್ರಾನ್ ಸೊಂಟಕ್ಕೆ ಅದು ಮುಖ್ಯ ಕ್ಷೇತ್ರದ ಶೇ. 4. ಸೊಂಟ ಒಂದು ತರಂಗಾಂತರದಷ್ಟಾದರೆ ಸುಮಾರು ಶೇ. 14. 1 ಮೈಕ್ರಾನ್‌ಗೆ ಇಳಿಸಿದರೆ ಶೇ. 21. ಅಷ್ಟು ಹೊತ್ತಿಗೆ ರೇಲೀ ದೂರ ಬರೀ 2 ಮೈಕ್ರಾನ್, ಹರಡುವ ಅರ್ಧಕೋನ 28 ಡಿಗ್ರಿ. ಇಂಥ ಬೀಮ್‌ಗೆ ಪ್ಯಾರಾಕ್ಸಿಯಲ್ ಸೂತ್ರ ಹಾಕಿ, ಸೋರ್ಸನ್ನು ಫೋಕಸ್‌ನಿಂದ ಹತ್ತು ಮೈಕ್ರಾನ್ ದೂರ ಇಟ್ಟರೆ, ಫೋಕಸ್‌ನಲ್ಲಿ ಸಿಗುವ ಚುಕ್ಕೆ ಕೇಳಿದ್ದಕ್ಕಿಂತ ಬೇರೆಯೇ.

ಎರಡನೆಯದು ಕಾಂಪ್ಲೆಕ್ಸ್ ಸೋರ್ಸ್ ಪಾಯಿಂಟ್. ಒಂದು ಬಿಂದು ಮೂಲದ ಸ್ಥಾನವನ್ನು ಕಾಲ್ಪನಿಕ ಸಂಖ್ಯೆಯಷ್ಟು ಸರಿಸಿದರೆ ಅದು ಹೊರಸೂಸುವ ಅಲೆ ಗಾಸಿಯನ್ ಬೀಮ್‌ನಂತೆ ವರ್ತಿಸುತ್ತದೆ. ಡೆಷಾಂ 1971ರಲ್ಲಿ ತೋರಿಸಿದ ಈ ತಂತ್ರ ಇವತ್ತಿಗೂ ನನಗೆ ಮಾಯಾಜಾಲದಂತೆ ಕಾಣುತ್ತದೆ. ಸಿಗುವ ಕ್ಷೇತ್ರ ಮ್ಯಾಕ್ಸ್‌ವೆಲ್ ಸಮೀಕರಣಗಳಿಗೆ ಪೂರ್ತಿ ಒಪ್ಪುತ್ತದೆ. ಮೀಪ್‌ನ ಗಾಸಿಯನ್ ಬೀಮ್ ಈ ದಾರಿ ಹಿಡಿದಿದೆ.

ಮೂರನೆಯದು ಪ್ಲೇನ್ ವೇವ್‌ಗಳ ಮೊತ್ತ. ದೊಡ್ಡ ನ್ಯೂಮರಿಕಲ್ ಅಪರ್ಚರ್‌ನ, ಅಂದರೆ ಅಗಲ ಕೋನದಲ್ಲಿ ಬೆಳಕು ಕೂಡಿಸುವ, ಅಬ್ಜೆಕ್ಟಿವ್ ಲೆನ್ಸ್ ಕೆಳಗೆ ಏನಾಗುತ್ತದೆ ಅಂತ ನೋಡುವವರಿಗೆ ಇದೇ ಬೇಕು. ಲೆನ್ಸ್ ಯಾವ ಕೋನದಲ್ಲಿ ಎಷ್ಟು ಬೆಳಕು ಕಳಿಸುತ್ತದೆ, ಲೆನ್ಸ್ ಪೂರ್ತಿ ತುಂಬಿದೆಯೋ ಅರ್ಧ ತುಂಬಿದೆಯೋ ಅನ್ನುವುದನ್ನೆಲ್ಲ ಇದರಲ್ಲಿ ಹೇಳಬಹುದು. ರಿಚರ್ಡ್ಸ್ ಮತ್ತು ವುಲ್ಫ್ 1959ರಲ್ಲಿ ಕೊಟ್ಟ ವಿಶ್ಲೇಷಣೆಯೇ ಇದಕ್ಕೆ ಬುನಾದಿ. ಲ್ಯೂಮೆರಿಕಲ್‌ನ ಥಿನ್ ಲೆನ್ಸ್ ಆಯ್ಕೆ ಈ ಜಾತಿಯದ್ದು. ಎಫ್‌ಡಿಟಿಡಿ ಬಿಟ್ಟು ಫೈನೈಟ್ ಎಲಿಮೆಂಟ್ ಕಡೆ ಹೋದರೆ, ಕಾಮ್ಸಾಲ್‌ನ ಗಾಸಿಯನ್ ಬ್ಯಾಕ್‌ಗ್ರೌಂಡ್ ಫೀಲ್ಡ್‌ನಲ್ಲಿ ಪ್ಯಾರಾಕ್ಸಿಯಲ್ ಮತ್ತು ಪ್ಲೇನ್ ವೇವ್ ಮೊತ್ತ ಎರಡೂ ಇವೆ.

ಹಾಗಾದರೆ ಗೆರೆ ಎಲ್ಲಿ ಎಳೆಯುವುದು? ಸೊಂಟ ಮೂರು ತರಂಗಾಂತರಕ್ಕಿಂತ ದೊಡ್ಡದಿದ್ದರೆ ನಾನು ಪ್ಯಾರಾಕ್ಸಿಯಲ್‌ನಲ್ಲಿ ನೆಮ್ಮದಿಯಾಗಿರುತ್ತೇನೆ. ಒಂದಕ್ಕಿಂತ ಚಿಕ್ಕದಾದರೆ ಅದನ್ನು ಮುಟ್ಟುವುದಿಲ್ಲ. ನಡುವೆ ಇದ್ದರೆ ಖಾಲಿ ಡಬ್ಬದಲ್ಲಿ ಓಡಿಸಿ, ಅಳೆದು ನಿರ್ಧರಿಸುತ್ತೇನೆ. ನಮ್ಮ ಫೈಬರ್‌ನ ಸೊಂಟ 3.4 ತರಂಗಾಂತರ. ಯಾವ ಸೂತ್ರ ಹಾಕಿದರೂ ನಡೆಯುತ್ತದೆ.

ಗ್ರೇಟಿಂಗ್ ಕಪ್ಲರ್ ಮಾಡುವವರು ಸೂತ್ರಕ್ಕಿಂತ ಜಾಸ್ತಿ ಎಡವುವುದು ಕೋನದಲ್ಲಿ. ಫೈಬರ್ 10 ಡಿಗ್ರಿ ಓರೆ ಇರುವುದು ಗಾಳಿಯಲ್ಲಿ. ಸೋರ್ಸ್ ಸಮತಲವನ್ನು ಸಿಲಿಕಾನ್ ಮೇಲಿನ ಗಾಜಿನ ಪದರದ (ಆಕ್ಸೈಡ್) ಒಳಗೆ ಇಟ್ಟರೆ ಅಲ್ಲಿ ಕೊಡಬೇಕಾದದ್ದು 6.9 ಡಿಗ್ರಿ, ಯಾಕೆಂದರೆ ಬೆಳಕು ಒಳಗೆ ಬರುವಾಗ ಬಾಗಿರುತ್ತದೆ. ಒಂದು ಡಿಗ್ರಿ ವ್ಯತ್ಯಾಸವಾದರೂ ಕಪ್ಲರ್‌ನ ಶಿಖರ, ಅಂದರೆ ಅದು ಅತಿ ಹೆಚ್ಚು ಬೆಳಕು ದಾಟಿಸುವ ತರಂಗಾಂತರ, ಹಲವು ನ್ಯಾನೋಮೀಟರ್ ಜರುಗುತ್ತದೆ. ಇಲ್ಲಿ ತಪ್ಪುವುದು ಮೂರು ಡಿಗ್ರಿ! ಆಮೇಲೆ ಚಿಪ್ ತಯಾರಿಸಿದ ಫ್ಯಾಬ್‌ನವರ ಮೇಲೆ ಗುಮಾನಿ ಪಟ್ಟು ಪ್ರಯೋಜನವಿಲ್ಲ. ಫೈಬರ್ ತುದಿ ಎಷ್ಟು ಎತ್ತರದಲ್ಲಿದೆ ಅನ್ನುವುದರ ಬಗ್ಗೆ ಮಾತ್ರ ಅಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ. ರೇಲೀ ದೂರ 55 ಮೈಕ್ರಾನ್ ಇರುವಾಗ, 10 ಮೈಕ್ರಾನ್ ಎತ್ತರದಿಂದ ಇಳಿಯುವಷ್ಟರಲ್ಲಿ ಬೀಮ್ 5.2ರಿಂದ 5.29 ಮೈಕ್ರಾನ್ ಆಗಿರುತ್ತದೆ, ಅಷ್ಟೇ.

ಬೀಮ್ ಬೇಡ, ಪ್ಲೇನ್ ವೇವ್ ಸಾಕು ಅನ್ನುವ ಜಾಗಗಳು

100 ನ್ಯಾನೋಮೀಟರ್‌ನ ಚಿನ್ನದ ಕಣದ ಮೇಲೆ 50 ಮೈಕ್ರಾನ್ ಅಗಲದ ಲೇಸರ್ ಬೀಳುತ್ತಿದೆ. ಕಣಕ್ಕೆ ಅದು ಬೀಮ್ ಅಲ್ಲ, ಪ್ಲೇನ್ ವೇವ್. ಇಲ್ಲಿ ಗಾಸಿಯನ್ ಬಿಡಲು ಹೋದರೆ ಸುಮ್ನೆ ಡಬ್ಬ ದೊಡ್ಡದಾಗುತ್ತದೆ. ಇದಕ್ಕೆ ಹೇಳಿ ಮಾಡಿಸಿದ್ದು ಟಿಎಫ್‌ಎಸ್‌ಎಫ್ (ಟೋಟಲ್ ಫೀಲ್ಡ್ ಸ್ಕ್ಯಾಟರ್ಡ್ ಫೀಲ್ಡ್). ಕಣದ ಸುತ್ತ ಒಂದು ಪೆಟ್ಟಿಗೆ. ಒಳಗೆ ಒಟ್ಟು ಕ್ಷೇತ್ರ, ಹೊರಗೆ ಬರೀ ಚದುರಿದ ಕ್ಷೇತ್ರ. ಪೆಟ್ಟಿಗೆಯ ಒಂದು ಗೋಡೆಯಲ್ಲಿ ಅಲೆ ಹುಟ್ಟುತ್ತದೆ, ಎದುರು ಗೋಡೆಯಲ್ಲಿ ಅಳಿಯುತ್ತದೆ. ಉಮಾಶಂಕರ್ ಮತ್ತು ಟಾಫ್ಲವ್ 1982ರಲ್ಲಿ ಇದನ್ನು ಗಟ್ಟಿಯಾಗಿ ನೆಲೆಗೊಳಿಸಿದರು. ಚದುರುವಿಕೆಯ ಅಡ್ಡಕೊಯ್ತ ಬೇಕಿದ್ದರೆ ಪೆಟ್ಟಿಗೆಯ ಹೊರಗಿನ ಶಕ್ತಿ ಅಳೆದು ಬೀಳುವ ತೀವ್ರತೆಯಿಂದ ಭಾಗಿಸಿದರೆ ಮುಗಿಯಿತು. ಕಳೆಯುವ ಗೋಜೇ ಇಲ್ಲ. ಕಣ ಗಾಜಿನ ಮೇಲೆ ಕೂತಿದ್ದು ಪೆಟ್ಟಿಗೆ ಗಾಜನ್ನು ಸೀಳಿ ಹೋಗುವಂತಿದ್ದರೆ, ಪದರಗಳ ಪ್ರತಿಫಲನವನ್ನೂ ಬೀಳುವ ಅಲೆಯ ಲೆಕ್ಕಕ್ಕೆ ಸೇರಿಸುವ ಸಾಫ್ಟ್‌ವೇರ್ ಬೇಕು.

ಇನ್ನೊಂದು, ಪದೇ ಪದೇ ಬರುವ ರಚನೆಗಳು: ಮೆಟಾಸರ್ಫೇಸ್, ಫೋಟಾನಿಕ್ ಕ್ರಿಸ್ಟಲ್ ಹಾಳೆ, ಅಗಲವಾದ ಗ್ರೇಟಿಂಗ್. ಒಂದು ಘಟಕ ತೆಗೆದುಕೊಂಡು ಪಕ್ಕಗಳಿಗೆ ಪೀರಿಯಾಡಿಕ್ ಗಡಿ ಹಾಕುತ್ತೀರಿ. ಇದರಲ್ಲಿ ಗಾಸಿಯನ್ ಬೀಮ್ ಬಿಡಲೇಬೇಡಿ. ಗಡಿ ಅದನ್ನೂ ಪುನರಾವರ್ತಿಸುತ್ತದೆ. ಒಂದು ಬೀಮ್ ಬದಲು ಬೀಮ್‌ಗಳ ಕೊನೆಯಿಲ್ಲದ ಸಾಲು ಸಿಗುತ್ತದೆ.

ಓರೆ ಪ್ಲೇನ್ ವೇವ್ ಮತ್ತು ಅಗಲ ಸ್ಪೆಕ್ಟ್ರಮ್ ಒಟ್ಟಿಗೆ ಬಂದಾಗ ಒಂದು ಗುಂಡಿ ಇದೆ. ಪಕ್ಕದ ಗಡಿಗಳಲ್ಲಿ ನೀವು ನಿಗದಿ ಮಾಡುವುದು ಕೋನವನ್ನಲ್ಲ, ಅಲೆ ಅಡ್ಡಡ್ಡ ಎಷ್ಟು ಬೇಗ ಫೇಸ್ ಬದಲಿಸುತ್ತದೆ ಅನ್ನುವುದನ್ನು. ಅದು ಎಲ್ಲ ಆವರ್ತನಗಳಿಗೂ ಒಂದೇ ಇದ್ದರೆ ಕೋನ ಆವರ್ತನದ ಜೊತೆ ಜಾರುತ್ತದೆ. 1550ಕ್ಕೆ 45 ಡಿಗ್ರಿ ಇಟ್ಟ ಅಲೆ 1400ಕ್ಕೆ 39.7 ಆಗುತ್ತದೆ, 1700ಕ್ಕೆ 50.9. ಗ್ರಾಫ್‌ನಲ್ಲಿ "45 ಡಿಗ್ರಿ" ಅಂತ ಬರೆದು ಪ್ರಕಟಿಸಿದರೆ ಅದು ಸುಳ್ಳು ಗ್ರಾಫ್. ಕೋನವನ್ನು ಹಿಡಿದಿಡುವ ಆಯ್ಕೆಗಳು ಬಂದಿವೆ. ಲ್ಯೂಮೆರಿಕಲ್‌ನ ಬಿಫಾಸ್ಟ್, ಟೈಡಿ3ಡಿಯ ಫಿಕ್ಸ್ಡ್ ಆ್ಯಂಗಲ್. ಇವಿಲ್ಲದಿದ್ದರೆ ಹಲವು ಓಟ ಓಡಿಸಿ, ಕೋನ ಮತ್ತು ತರಂಗಾಂತರದ ನಕ್ಷೆ ಕಟ್ಟಿ, ಬೇಕಾದ ಗೆರೆ ಆರಿಸಿಕೊಳ್ಳಬೇಕು.

ಓರೆ ಗಾಸಿಯನ್ ಬೀಮ್‌ಗೂ ಇದೇ ಕಾಟ ಇದೆ, ಸ್ವಲ್ಪ ಸೌಮ್ಯ. ಬಹಳಷ್ಟು ಸಲ ಮಧ್ಯದ ಆವರ್ತನಕ್ಕೆ ಲೆಕ್ಕ ಹಾಕಿದ ಆಕಾರವನ್ನೇ ಎಲ್ಲದಕ್ಕೂ ಬಳಸುತ್ತಾರೆ. ನಮ್ಮ 10 ಡಿಗ್ರಿ ಫೈಬರ್ 1500ಕ್ಕೆ 9.7, 1600ಕ್ಕೆ 10.3 ಆಗುತ್ತದೆ. ನಿಜದ ಫೈಬರ್ ಹಾಗೆ ಅಲ್ಲಾಡುವುದಿಲ್ಲವಲ್ಲ! ಟೈಡಿ3ಡಿಯಲ್ಲಿ ಹಲವು ಆವರ್ತನಗಳಿಗೆ ಬೇರೆ ಬೇರೆ ಆಕಾರ ಲೆಕ್ಕ ಹಾಕಿಸಬಹುದು. ಅಂಥ ಸೌಕರ್ಯ ಇಲ್ಲದ ಕಡೆ ಸ್ಪೆಕ್ಟ್ರಮನ್ನು ತುಂಡು ಮಾಡಿ ಓಡಿಸಿ.

ಉಲ್ಟಾ ಓಡಿಸುವುದು

ಗ್ರೇಟಿಂಗ್ ಕಪ್ಲರ್ ವಿಷಯದಲ್ಲಿ ನನಗೆ ಅತಿ ಇಷ್ಟದ ದಾರಿ ಇದು. ಫೈಬರ್‌ನಿಂದ ಬೀಮ್ ಬಿಡಬೇಡಿ. ವೇವ್‌ಗೈಡ್ ಕಡೆಯಿಂದ ಮೋಡ್ ಬಿಡಿ.

ಮೋಡ್ ಸೋರ್ಸ್ ಅಂದರೆ ವೇವ್‌ಗೈಡ್‌ನ ಅಡ್ಡಕೊಯ್ತದ ಮೋಡನ್ನು ಮೊದಲು ಲೆಕ್ಕ ಹಾಕಿ, ಅದೇ ಆಕಾರದಲ್ಲಿ ಒಂದೇ ಕಡೆಗೆ ಬೆಳಕು ಬಿಡುವ ಸೋರ್ಸ್. ಗಾತ್ರ ಚಿಕ್ಕದು, ಬೆಳಕು ಸಿಲಿಕಾನ್‌ನ ಸುತ್ತಮುತ್ತಲೇ ಇರುತ್ತದೆ, ಅಂಚು ಕತ್ತರಿಸುವ ಚಿಂತೆ ಇಲ್ಲ. ಬೆಳಕು ಗ್ರೇಟಿಂಗ್‌ಗೆ ಬಂದು ಮೇಲಕ್ಕೆ ಹಾರುತ್ತದೆ. ಗೀರುಗಳ ಮೇಲೆ ಒಂದು ಮೈಕ್ರಾನ್ ಎತ್ತರದಲ್ಲಿ ಮಾನಿಟರ್ ಇಟ್ಟು, ಅಲ್ಲಿನ ವಿದ್ಯುತ್ ಮತ್ತು ಕಾಂತಕ್ಷೇತ್ರ ಎರಡನ್ನೂ ಬರೆದುಕೊಳ್ಳಿ. ಆಮೇಲೆ ಪೈಥಾನ್‌ನಲ್ಲಿ ಆ ಕ್ಷೇತ್ರಕ್ಕೂ ಓರೆ ಗಾಸಿಯನ್‌ಗೂ ಓವರ್‌ಲ್ಯಾಪ್, ಅಂದರೆ ಎರಡೂ ಎಷ್ಟು ಹೊಂದುತ್ತವೆ ಅನ್ನುವುದನ್ನು, ಲೆಕ್ಕ ಹಾಕಿ, ವೇವ್‌ಗೈಡ್‌ಗೆ ಬಿಟ್ಟ ಶಕ್ತಿಯಿಂದ ಭಾಗಿಸಿ. ಸಿಗುವ ಸಂಖ್ಯೆ ಎಷ್ಟು ಬೆಳಕು ವೇವ್‌ಗೈಡ್‌ನಿಂದ ಫೈಬರ್‌ಗೆ ಹೋಗುತ್ತದೆ ಅನ್ನುವುದು. ರೆಸಿಪ್ರಾಸಿಟಿಯ (ಬೆಳಕಿನ ದಾರಿ ಹಿಂದುಮುಂದಾದರೂ ದಾಟುವ ಪಾಲು ಬದಲಾಗದು ಅನ್ನುವ ನಿಯಮದ) ಪ್ರಕಾರ ಫೈಬರ್‌ನಿಂದ ವೇವ್‌ಗೈಡ್‌ಗೆ ಬರುವುದೂ ಅಷ್ಟೇ.

ಲಾಭ ಎಲ್ಲಿ ಅಂದರೆ, ಫೈಬರನ್ನು ಎಲ್ಲಿಡಬೇಕು ಅಂತ ನಿಮಗೆ ಮೊದಲೇ ಗೊತ್ತಿರುವುದಿಲ್ಲ. ನೇರ ದಾರಿಯಲ್ಲಿ 20 ಸ್ಥಾನ, 5 ಓರೆ ಪರೀಕ್ಷಿಸಿದರೆ 100 ಓಟ. ಉಲ್ಟಾ ದಾರಿಯಲ್ಲಿ ಒಂದೇ ಓಟ. ಉಳಿದದ್ದೆಲ್ಲ ಓವರ್‌ಲ್ಯಾಪ್ ಲೆಕ್ಕ, ಕ್ಷಣಗಳ ಕೆಲಸ. ಬೇರೆ ಸೊಂಟದ ಫೈಬರ್ ಬಳಸಿದರೆ ಏನಾಗುತ್ತದೆ ಅಂತಲೂ ಅಲ್ಲೇ ನೋಡಬಹುದು. ಓವರ್‌ಲ್ಯಾಪ್‌ನಲ್ಲಿ ಪ್ರತಿ ತರಂಗಾಂತರಕ್ಕೂ ಸರಿಯಾದ ಗಾಸಿಯನ್ ಹಾಕುವುದು ನಿಮ್ಮ ಕೈಯಲ್ಲೇ ಇರುವುದರಿಂದ ಕೋನ ಜಾರುವ ಕಾಟವೂ ಇಲ್ಲ.

ಉಲ್ಟಾ ಓಟಕ್ಕೂ ಮಿತಿ ಇದೆ. ಫೈಬರ್‌ನಿಂದ ಬಂದ ಬೆಳಕಿನಲ್ಲಿ ಎಷ್ಟು ಫೈಬರ್‌ಗೇ ವಾಪಸ್ ಹೋಗುತ್ತದೆ ಅಂತ ಅದು ಹೇಳುವುದಿಲ್ಲ. ಬೆಳಕು ಬಿದ್ದಾಗ ಯಾವ ಜಾಗ ಎಷ್ಟು ಹೀರುತ್ತದೆ ಅಂತಲೂ ಗೊತ್ತಾಗುವುದಿಲ್ಲ. ಡಿಟೆಕ್ಟರ್, ಸೋಲಾರ್ ಕೋಶ, ಬಿಸಿಯಾಗುವ ಲೋಹದ ರಚನೆಗಳಿಗೆ ನೇರ ಬೀಮೇ ಬೇಕು. ನಾನ್‌ಲೀನಿಯರ್ ವಸ್ತು ಅಥವಾ ಕಾಂತಕ್ಷೇತ್ರದಿಂದ ಪ್ರಭಾವಿತವಾಗುವ ಮ್ಯಾಗ್ನೆಟೋ ಆಪ್ಟಿಕ್ ವಸ್ತು ಇದ್ದರೆ ರೆಸಿಪ್ರಾಸಿಟಿಯೇ ನಿಲ್ಲುವುದಿಲ್ಲ.

ಎರಡು ಆಯಾಮವೋ ಮೂರೋ

25 ಮೈಕ್ರಾನ್ ಉದ್ದ, ಅಷ್ಟೇ ಅಗಲ, 4 ಮೈಕ್ರಾನ್ ಎತ್ತರದ ಡಬ್ಬಕ್ಕೆ 25 ನ್ಯಾನೋಮೀಟರ್ ಕೋಶ ಇಟ್ಟರೆ 16 ಕೋಟಿ ಕೋಶಗಳು. ಡಬಲ್ ಪ್ರಿಸಿಶನ್‌ನಲ್ಲಿ ಆರು ಕ್ಷೇತ್ರ ಘಟಕಗಳಿಗೇ 7.7 ಗಿಗಾಬೈಟ್ ಬೇಕು, ಪಿಎಂಎಲ್ ಮತ್ತು ಮಾನಿಟರ್ ಬೇರೆ. ಅದಕ್ಕೇ ಎಲ್ಲರೂ ಎರಡು ಆಯಾಮದಲ್ಲಿ ಶುರು ಮಾಡುತ್ತಾರೆ. ಕಪ್ಲರ್‌ನ ಗೀರುಗಳು ಅಡ್ಡಕ್ಕೆ ಬೀಮ್‌ಗಿಂತ ಅಗಲ ಇರುವುದರಿಂದ ಇದು ಚೆನ್ನಾಗಿ ನಡೆಯುತ್ತದೆ ಕೂಡ.

ಆದರೆ ಎರಡು ಆಯಾಮದ ಬೀಮ್ ನಿಜದಲ್ಲಿ ಗೋಡೆಯಂಥ ಹಾಳೆ, ಒಂದು ದಿಕ್ಕಿನಲ್ಲಿ ಮಾತ್ರ ಹರಡುತ್ತದೆ. ಒಂದು ರೇಲೀ ದೂರದಲ್ಲಿ ಮೂರು ಆಯಾಮದ ಬೀಮ್‌ನ ನಡುವಿನ ತೀವ್ರತೆ ಅರ್ಧಕ್ಕೆ ಇಳಿಯುತ್ತದೆ. ಎರಡು ಆಯಾಮದಲ್ಲಿ 0.71ಕ್ಕೆ ಮಾತ್ರ. ಗೌಯ್ ಫೇಸ್, ಅಂದರೆ ಫೋಕಸ್ ದಾಟುವಾಗ ಬೀಮ್‌ನಲ್ಲಿ ಆಗುವ ಹೆಚ್ಚುವರಿ ಫೇಸ್ ಬದಲಾವಣೆ, ಕೂಡ ಅರ್ಧ. ಮೂರು ಆಯಾಮದ ಸೂತ್ರವನ್ನು ಎರಡು ಆಯಾಮದ ಗ್ರಿಡ್‌ನಲ್ಲಿ ತುರುಕಿದರೆ ಚಿಕ್ಕ ಸೊಂಟದ ಬೀಮ್‌ಗಳು ಕೆಡುತ್ತವೆ. ಮೂರು ಆಯಾಮಕ್ಕೆ ಹೋದಾಗ ನೆನಪಿರಲಿ, ಫೈಬರ್ ಗ್ರೇಟಿಂಗ್‌ನ ಉದ್ದಕ್ಕೆ ಮಾತ್ರ ಓರೆ ಇದ್ದರೆ ಅಡ್ಡ ದಿಕ್ಕಿನಲ್ಲಿ ಕನ್ನಡಿ ಸಮ್ಮಿತಿ ಉಳಿದಿರುತ್ತದೆ. ಅರ್ಧ ಡಬ್ಬ ಸಾಕು.

ಹೆಸರಿನ ಗೊಂದಲ, ಆಮೇಲೆ ಪರೀಕ್ಷೆ

ಮೀಪ್‌ನ "ಗಾಸಿಯನ್‌ಸೋರ್ಸ್" ಬೀಮ್ ಅಲ್ಲ. ಅದು ಕಾಲದಲ್ಲಿ ಗಾಸಿಯನ್ ಆಗಿ ಏರಿಳಿಯುವ ಪಲ್ಸ್. ಜಾಗದಲ್ಲಿ ಗಾಸಿಯನ್ ಆದದ್ದು "ಗಾಸಿಯನ್‌ಬೀಮ್‌ಸೋರ್ಸ್". ಒಂದರೊಳಗೆ ಇನ್ನೊಂದು ಹೋಗುತ್ತದೆ: ಬೀಮ್‌ಗೆ ಆಕಾರ, ಪಲ್ಸ್‌ಗೆ ಕಾಲ. ಹೊಸಬರು ಇಲ್ಲಿ ಗಲಿಬಿಲಿಯಾಗುವುದು ಸಹಜ. ಸ್ಪೆಕ್ಟ್ರಮ್ ಬೇಕಿದ್ದರೆ ಪಲ್ಸ್. ಒಂದೇ ತರಂಗಾಂತರದ ಸ್ಥಿರ ಚಿತ್ರ ಬೇಕಿದ್ದರೆ ನಿರಂತರ ಸೋರ್ಸ್, ಆದರೆ ಅದನ್ನು ಧಡಕ್ಕನೆ ಆನ್ ಮಾಡಬೇಡಿ. ಥಟ್ಟನೆ ಏರಿದರೆ ಬೇಡದ ಆವರ್ತನಗಳೆಲ್ಲ ಎದ್ದು ಬರುತ್ತವೆ. ಹತ್ತಾರು ಆವರ್ತಗಳಲ್ಲಿ ನಿಧಾನಕ್ಕೆ ಏರಲಿ. ಪಲ್ಸ್ ಮುಗಿದ ಮೇಲೂ ಸೋರ್ಸ್‌ನ ಅಂಚಿನಲ್ಲಿ ಅಲ್ಲಾಡದ ಕ್ಷೇತ್ರ ಉಳಿದಿದ್ದರೆ ಅದು ಪ್ರವಾಹ ಬಿಟ್ಟುಹೋದ ಸ್ಥಿರ ವಿದ್ಯುದಂಶ. ಪ್ಲೇನ್ ವೇವ್ ಹಾಳೆಯನ್ನು ಪಿಎಂಎಲ್ ಒಳಗೂ ಚಾಚಿದಾಗ ಮೀಪ್‌ನಲ್ಲಿ ಇಂಟಿಗ್ರೇಟೆಡ್ ಅನ್ನುವ ಆಯ್ಕೆ ಹಾಕುವುದು ಇದಕ್ಕೇ ಸಂಬಂಧಿಸಿದ್ದು.

ಯಾವ ಸೋರ್ಸ್ ಆರಿಸಿದರೂ ರಚನೆ ಇಡುವ ಮೊದಲು ಖಾಲಿ ಡಬ್ಬದಲ್ಲಿ ಓಡಿಸಿ. ಮೂರು ಸಂಗತಿ ಅಳೆಯಿರಿ. ಫೋಕಸ್‌ನಲ್ಲಿ ಸೊಂಟ ಎಷ್ಟಿದೆ, ಫೋಕಸ್ ಹೇಳಿದ ಜಾಗದಲ್ಲೇ ಇದೆಯಾ? ಸೋರ್ಸ್ ಹಿಂದೆ ಎಷ್ಟು ಶಕ್ತಿ ಸೋರುತ್ತಿದೆ? ಎರಡು ಬೇರೆ ಎತ್ತರಗಳಲ್ಲಿ ಬೀಮ್‌ನ ನಡು ಎಲ್ಲಿದೆ, ಅದರಿಂದ ಸಿಗುವ ಓರೆ ಎಷ್ಟು? ಹಿಂದಿನ ಸೋರಿಕೆ ನೀವು ಅಳೆಯಬೇಕೆಂದಿರುವ ಪ್ರತಿಫಲನದ ಹತ್ತರಲ್ಲಿ ಒಂದಕ್ಕಿಂತ ಜಾಸ್ತಿ ಇದ್ದರೆ ಆ ಪ್ರತಿಫಲನದ ಅಂಕಿಯನ್ನು ನಾನು ನಂಬುವುದಿಲ್ಲ.

ನಮ್ಮ ಕಪ್ಲರ್‌ಗೆ ನಾನು ಹಿಡಿಯುವ ಕ್ರಮ ಇದು. ಗೀರುಗಳ ಅಳತೆ ಹುಡುಕುವ ಹಂತದಲ್ಲಿ ಎರಡು ಆಯಾಮ, ವೇವ್‌ಗೈಡ್‌ನಿಂದ ಮೋಡ್ ಸೋರ್ಸ್, ಓವರ್‌ಲ್ಯಾಪ್. ವಿನ್ಯಾಸ ನಿಂತ ಮೇಲೆ ಅದೇ ಉಲ್ಟಾ ಓಟ ಮೂರು ಆಯಾಮದಲ್ಲಿ ಒಮ್ಮೆ, ಅರ್ಧ ಡಬ್ಬದಲ್ಲಿ. ಫೈಬರ್ ಜಾಗ ಮತ್ತು ಓರೆ ಅಲ್ಲಿಂದ ತೀರ್ಮಾನ. ಕೊನೆಗೆ ಫೈಬರ್‌ಗೆ ಎಷ್ಟು ವಾಪಸ್ ಹೋಗುತ್ತದೆ ಅನ್ನುವ ಒಂದು ಸಂಖ್ಯೆಗಾಗಿ ನೇರ ಓಟ: ಒಂದೇ ಕಡೆಯ ಗಾಸಿಯನ್ ಬೀಮ್, ಮೂರು ಸೊಂಟದ ಹಾಳೆ, ಆಕ್ಸೈಡ್ ಒಳಗಾದರೆ 6.9 ಡಿಗ್ರಿ. ಇದನ್ನು ರಾತ್ರಿ ಹಚ್ಚಿಟ್ಟು ಮಲಗಬಹುದು.